ಮೂಸಬ್ಬರ ಆಂಟೆನಾ ಅಳೆದದ್ದು

ಅಳತೆಯ ವಿಷಯದಲ್ಲಿ ನನ್ನಷ್ಟು ಕಟ್ಟುನಿಟ್ಟಿನವನು ಮಂಗಳೂರಿನ ಹ್ಯಾಮ್ ರೇಡಿಯೊದವರಲ್ಲಿ ಇಲ್ಲ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಕಡಲು ಉಕ್ಕಿ ಫೋನುಗಳು ಸತ್ತ ದಿನಗಳಲ್ಲಿ ರೇಡಿಯೊದಲ್ಲಿ ಸುದ್ದಿ ಮುಟ್ಟಿಸಲೆಂದು ನಮ್ಮ ಹವ್ಯಾಸಿಗಳ ಸಂಘ ಒಂದು ಆಂಟೆನಾ ಆರಿಸಬೇಕಿತ್ತು. ಉಳ್ಳಾಲದ ಮೂಸಬ್ಬರು ಹಳೆ ಅಲ್ಯೂಮಿನಿಯಂ ಸರಳು, ಪಿವಿಸಿ ಪೈಪು ಸೇರಿಸಿ ಮೂರು ತಿಂಗಳು ಕೂತು ಒಂದನ್ನು ಮಾಡಿ ತಂದರು. ಮನೆ ಕಡಲ ಬದಿಯಲ್ಲೇ ಇರುವವರಿಗೆ ಅದು ಬರೀ ಹವ್ಯಾಸವಲ್ಲ.

ನನ್ನ ತರಗತಿಯ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ವಾಮಂಜೂರಿನ ಗದ್ದೆಯಲ್ಲಿ ಅಳೆಯಲು ನಿಂತೆ. ಆಚೆ ಕೊನೆಯಿಂದ ನನ್ನ ವಿದ್ಯಾರ್ಥಿನಿ ದೀಕ್ಷಿತಾ ಸಿಗ್ನಲ್ ಕಳಿಸುತ್ತಿದ್ದಳು. ಈಚೆ ಮೊದಲು ಒಂದು ಮಾಮೂಲಿ ಆಂಟೆನಾ, ಆಮೇಲೆ ಮೂಸಬ್ಬರದು. ಮಾಮೂಲಿಗಿಂತ ಎಷ್ಟು ಹೆಚ್ಚು ಹಿಡಿಯುತ್ತದೋ ಅಷ್ಟೇ ಅದರ ಗೇನ್. ಮೀಟರು ಆರು ಡೆಸಿಬೆಲ್ ಕಡಿಮೆ ತೋರಿಸಿತು, ಅಂದರೆ ಮಾಮೂಲಿಯ ಕಾಲು ಪಾಲಷ್ಟೇ.

"ಮೂಸಬ್ಬರೇ, ಇದರಲ್ಲಿ ಬಟ್ಟೆ ಒಣಗಿಸಬಹುದು!" ಎಂದೆ. ವಿದ್ಯಾರ್ಥಿಗಳೆಲ್ಲ ಬಿದ್ದು ಬಿದ್ದು ನಕ್ಕರು. ಅವರೂ ನಕ್ಕು, ಆಂಟೆನಾವನ್ನು ಸ್ಕೂಟರಿಗೆ ಕಟ್ಟಿಕೊಂಡು ಹೋದರು.

ವಾರದ ಮೇಲೆ ದೀಕ್ಷಿತಾ ಗ್ರೂಪಿಗೆ ಆ ದಿನದ ಫೋಟೊ ಹಾಕಿದಳು. ಅವಳ ಆಂಟೆನಾದ ಸರಳುಗಳು ನೆಟ್ಟಗೆ ನಿಂತಿದ್ದವು. ನನ್ನ ಮಾಮೂಲಿಯದೂ ನೆಟ್ಟಗೆ. ಮೂಸಬ್ಬರದನ್ನು ಮಾತ್ರ ನಾನು, ಮಾಡಿನ ಮೇಲೆ ಟಿವಿ ಆಂಟೆನಾ ಕಟ್ಟಿದ ಹಳೆ ಚಾಳಿಯಲ್ಲಿ, ಅಡ್ಡ ಕಟ್ಟಿದ್ದೆ! ಕಳಿಸುವುದು ನೆಟ್ಟಗೆ, ಹಿಡಿಯುವುದು ಅಡ್ಡ ಆದರೆ ಎಂಥ ಆಂಟೆನಾವೂ ಕಿವುಡೇ. ತರಗತಿಯಲ್ಲಿ ನಾನು ಕಲಿಸುವ ಮೊದಲ ಪಾಠವದು. ಫೋಟೊ ನೋಡಿದ ಯಾರಿಗೂ ಹೊಳೆಯಲಿಲ್ಲ, ನಾನೂ ಎರಡು ದಿನ ಬಾಯಿ ಬಿಡಲಿಲ್ಲ.

ಮೂರನೆಯ ದಿನ ಸಂಜೆ ತಲೆ ತಗ್ಗಿಸಿಕೊಂಡು ಉಳ್ಳಾಲಕ್ಕೆ ಹೋದೆ. ಅಂಗಳದಲ್ಲೇ ಅವರೆದುರು ತಪ್ಪೊಪ್ಪಿಕೊಂಡೆ.

"ಅದು ನನಗೆ ಅಲ್ಲಿಯೇ ಗೊತ್ತಾಗಿತ್ತು ಸರ್," ಎಂದರು ಮೂಸಬ್ಬರು.

"ಮತ್ತೆ ಎಂತಕ್ಕೆ ಹೇಳ್ಲಿಲ್ಲ ನೀವು?"

"ನಿಮ್ಮ ಕ್ಲಾಸಿನ ಮಕ್ಕಳೆಲ್ಲ ಇದ್ರಲ್ಲ. ಅವರೆದುರು ನಿಮ್ಮ ಮರ್ಯಾದೆ ತೆಗೆಯುದಾ? ಈಗಲೂ ಯಾರಿಗೂ ಹೇಳ್ಲಿಕ್ಕೆ ಹೋಗ್ಬೇಡಿ ಮಾರಾಯ್ರೆ."

ಅದೇ ಮಕ್ಕಳೆದುರು ನಾನು ಅವರ ಮರ್ಯಾದೆ ತೆಗೆದಿದ್ದೆ. ಆದರೂ 'ಹೇಳಬೇಡಿ' ಎಂದದ್ದು ಕೇಳಿ ನನಗೆ ಒಳಗೊಳಗೇ ಸಮಾಧಾನವಾಯಿತು. ಅಡ್ಡ ಕಟ್ಟಿದ್ದಕ್ಕಿಂತ ಆ ಸಮಾಧಾನಕ್ಕೇ ನನಗೆ ಹೆಚ್ಚು ಹೇಸಿಗೆಯಾಯಿತು.

ನಮ್ಮವರೆಲ್ಲ ರೇಡಿಯೊದಲ್ಲಿ ಸೇರುವ ಹೊತ್ತು ಅದು. ಚೀಲದಿಂದ ರೇಡಿಯೊ ಸೆಟ್ಟು ತೆಗೆದು ಮಾತಾಡುವ ಗುಂಡಿ ಒತ್ತಿದೆ. "ಮೂಸಬ್ಬರ ಆಂಟೆನಾದಲ್ಲಿ ದೋಷವಿಲ್ಲ. ಅಳೆದವನು ನಾನು, ತಪ್ಪು ನನ್ನದು..." ಮನೆಯೊಳಗಿನ ಅವರ ಸೆಟ್ಟಿನಲ್ಲಿ ನನ್ನದೇ ದನಿ ಗಟ್ಟಿಯಾಗಿ ಕೇಳಿಸಿತು.

ಮೂಸಬ್ಬರು ಸರ್ರನೆ ಎದ್ದು ಒಳಗೆ ಹೋದರು. ನನ್ನ ತಪ್ಪು ತಮ್ಮ ಹೆಂಡತಿ ಮಕ್ಕಳಿಗೆ ಕೇಳಿಸಬಾರದೆಂದು ಸೆಟ್ಟಿನ ದನಿ ತಗ್ಗಿಸಿದರು.