ಹಿಂದಿನ ಸೀಟಿನ ಫೋನು

ಶಂಕ್ರೆಪ್ಪನ ಕುತ್ತಿಗೆಗೆ ಏನೋ ತೊಂದರೆಯಿದೆಯೆಂದು ಮೊದಲ ಸಲ ಅವನ ಶೇರ್ ರಿಕ್ಷಾ ಹತ್ತಿದವರೆಲ್ಲ ಅಂದುಕೊಳ್ಳುತ್ತಾರೆ. ಮುಂಬಯಿ ಹೊರವಲಯದ ಡೊಂಬಿವಲಿ ಬಿಟ್ಟು ಪಕ್ಕದ ಕಲ್ಯಾಣ ಮುಟ್ಟುವವರೆಗೆ ಅದು ಹಿಂದಕ್ಕೆ ತಿರುಗುವುದಿಲ್ಲ. ಏನು ಕೇಳಿದರೂ ಉತ್ತರವನ್ನು ಎದುರಿನ ಗಾಜಿಗೆ ಹೇಳುತ್ತಾನೆ. ಕಲಬುರಗಿ ಕಡೆಯ ಎತ್ತರದ ಆಳು, ನೆಟ್ಟನೆಯ ಬೆನ್ನು, ಕೊರಳವರೆಗೆ ಗುಂಡಿ ಹಾಕಿದ ಖಾಕಿ ಅಂಗಿ. ರಿಕ್ಷಾ ಇಳಿದು ಚಹಾದಂಗಡಿಗೆ ಹೋಗುವಾಗಲೂ ಹ್ಯಾಂಡಲ್ ಹಿಡಿದವನಂತೆಯೇ ನಡೆಯುತ್ತಾನೆ.

ಅವನ ಫೋನು ಅವನ ಬಳಿ ಇರುವುದಿಲ್ಲ. ಅವನ ಸೀಟಿನ ಬೆನ್ನಿಗೆ ಕಟ್ಟಿದ ಬಟ್ಟೆಚೀಲದಲ್ಲಿ, ಪ್ರಯಾಣಿಕರ ಮೊಣಕಾಲಿಗೆ ತಾಗುತ್ತ ತೂಗಾಡುತ್ತದೆ. ರಿಂಗಾದರೆ ಹತ್ತಿರ ಕೂತವರು ಎತ್ತಿ ಮಾತಾಡಬೇಕು. ಹೀಗಾಗಿ ಅವನ ಹೆಂಡತಿ ಸಾಬವ್ವ, ಸಂಜೆ ಕೊತ್ತಂಬರಿ ತರಬೇಕೆಂಬ ಸಂದೇಶವನ್ನು ಬ್ಯಾಂಕಿನ ಗುಮಾಸ್ತರಿಂದ ಹಿಡಿದು ಕಾಲೇಜು ಹುಡುಗಿಯರವರೆಗೆ ಎಷ್ಟೋ ಜನರ ಕೈಯಲ್ಲಿ ಕಳಿಸಿದ್ದಾಳೆ.

ಈ ಕಟ್ಟಳೆ ಹುಟ್ಟಿದ್ದು ನಾಲ್ಕು ವರ್ಷದ ಹಿಂದೆ. ಯಾರ ಮಿಸ್ಡ್ ಕಾಲ್ ಎಂದು ನೋಡಲು ಅವನು ಒಮ್ಮೆ ಕಣ್ಣು ತಗ್ಗಿಸಿದ; ಎತ್ತುವಷ್ಟರಲ್ಲಿ ರಿಕ್ಷಾ ಡಿವೈಡರ್ ಏರಿತ್ತು, ಹಿಂದೆ ಕೂತಿದ್ದ ಸೊಪ್ಪು ಮಾರುವ ಚಂದ್ರಬಾಯಿಯ ಮುಂಗೈ ಮುರಿದಿತ್ತು. ಪ್ಲಾಸ್ಟರ್ ಬಿಚ್ಚಿದ ದಿನ ಅವಳು ಅದೇ ರಿಕ್ಷಾ ಹತ್ತಿ, ಆ ಚೀಲವನ್ನು ತಾನೇ ಕಟ್ಟಿದಳು. “ಫೋನ್ ಇನ್ನ ಮ್ಯಾಲ ನಮ್ದು. ನೀ ರಸ್ತಾ ನೋಡು.”

ಕಳೆದ ತಿಂಗಳು ಒಂದು ಬೆಳಿಗ್ಗೆ ಅವಳ ಪಕ್ಕದಲ್ಲಿ ನಾನೂ ಇದ್ದೆ. ಶಂಕ್ರೆಪ್ಪನ ಮಗಳು ಜ್ಯೋತಿ ಅಂದು ರಿಕ್ಷಾ ಲೈಸೆನ್ಸಿಗಾಗಿ ಮೂರನೇ ಸಲ ಟೆಸ್ಟ್ ಕೊಡಲು ಹೋಗಿದ್ದಳು. ಈ ಸಲವೂ ಫೇಲಾದರೆ ಮತ್ತೆ ಫ್ಯಾಕ್ಟರಿಯ ಪ್ಯಾಕಿಂಗ್ ಕೆಲಸಕ್ಕೇ ಹೋಗುವೆನೆಂದಿದ್ದಳು. ಪತ್ರಿಪೂಲ್ ಸೇತುವೆ ಏರುವಾಗ ಫೋನು ರಿಂಗಾಯಿತು. ಚಂದ್ರಬಾಯಿ ಎತ್ತಿ, ಕೇಳಿ, “ಹಾಂ” ಎಂದು ಇಟ್ಟಳು.

“ಜ್ಯೋತಿ ಏನಂದ್ಳು ಅಕ್ಕಾ?” ಅವನು ಗಾಜನ್ನು ಕೇಳಿದ.

“ಮೊದ್ಲ ಪೂಲ್ ಇಳಿ.”

“ಪಾಸೋ ಫೇಲೋ, ಅಷ್ಟರ ಹೇಳ್ರಿ.”

“ಗಾಡಿ ನಿಂತ ಮ್ಯಾಲ.”

ಜ್ಯೋತಿಯ ದನಿ ನನಗೂ ಕೇಳಿಸಿತ್ತು, ನಾನೂ ಸುಮ್ಮನಿದ್ದೆ. ಲಾರಿಗಳ ಸಾಲಿನ ನಡುವೆ ಆ ಕುತ್ತಿಗೆ ಬೆವರಿತು, ತಿರುಗಲಿಲ್ಲ. ಇಳಿಜಾರು ಮುಗಿಸಿ, ಎಡಕ್ಕೆ ಸರಿದು ನಿಲ್ಲಿಸಿ, ಎಂಜಿನ್ ಆರಿಸಿ, ಆಮೇಲೆ ಅವನು ನಮ್ಮತ್ತ ತಿರುಗಿದ.

“ಪಾಸಾಗ್ಯಾಳ. ಪೇಡೆ ತರಬೇಕಂತ.”

“ಅಲ್ಲೇ ಹೇಳಿದ್ರ ನಿಮ್ದೇನ್ ಗಂಟು ಹೋಗ್ತಿತ್ತು?”

“ಹ್ಯಾಂಡಲ್ ಬಿಟ್ಟು ಚಪ್ಪಾಳಿ ಬಡೀತಿದ್ದಿ.”

ನಿಂತ ರಿಕ್ಷಾದಲ್ಲಿ ಕೂತು ಅವನು ಎರಡೂ ಕೈಯಿಂದ ಚಪ್ಪಾಳೆ ಹೊಡೆದ.

ತಮ್ಮನ್ನು ತಾವು ಪೂರ್ತಿ ನಂಬದ ಚಾಲಕರು ಈ ಊರುಗಳಲ್ಲಿ ಬಹಳಿಲ್ಲ, ಆದರೆ ಇದ್ದಾರೆ. ಅವರ ಕೈಚಳಕವನ್ನು ಯಾರೂ ಹೊಗಳುವುದಿಲ್ಲ, ಅವರು ಸುದ್ದಿಯಾಗುವುದೂ ಇಲ್ಲ. ಅಂಥವರ ಹಿಂದೆ ಕೂತ ಜನ ಮೊದಲ ತಿರುವು ದಾಟುವ ಮುಂಚೆಯೇ ತೂಕಡಿಸತೊಡಗುತ್ತಾರೆ. ಗಾಡಿ ಓಡಿಸುವವನಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ನನಗೆ ಗೊತ್ತಿಲ್ಲ.