ಮಾಲಕರ ಅರಿವೆ

ಪಾರ್ವತೆಮ್ಮ ಗಂಡ ಗದ್ದೆಪ್ಪನ ಹಣೆಗೆ ಕೊನೆಯ ವಿಭೂತಿ ಹಚ್ಚುತ್ತಿರುವಾಗಲೇ ಹಿತ್ತಲ ಬಾಗಿಲು ಸಣ್ಣಗೆ ಬಡಿಯಿತು. ತೆರೆದರೆ ಮುದಸ್ಸಿರ್, ರೈಸ್ ಮಿಲ್ಲಿನ ಮಾಲಕ ದಸ್ತಗೀರ್ ಸಾಬ್‌ರ ಮಗ. ಕೈಯಲ್ಲಿ ಕರಿ ಪ್ಲಾಸ್ಟಿಕ್ ಚೀಲ. ಸಾವಿನ ಮನೆಗೆ ಹಿತ್ತಲಿಂದ ಬರುವುದು ಒಂದೋ ಬೆಕ್ಕು, ಇಲ್ಲವೇ ಕಳ್ಳ. ಇವನು ಎರಡೂ ಅಲ್ಲ. ಗದ್ದೆಪ್ಪನ ಹೆಗಲ ಮೇಲೆ ಕೂತು ಬೆಳೆದವನು.

"ಚಾಚಾಗ ಹೊಚ್ಚಾಕ ಅಬ್ಬಾ ಅರಿವಿ ಕಳಿಸ್ಯಾರ, ಚಾಚಿ. ಯಾರು ಕೊಟ್ರು ಅಂತ ಹೇಳಬ್ಯಾಡ್ರಿ."

"ಸಾಬ್ರು ಬರಂಗಿಲ್ಲೇನು?"

"ವಕೀಲರು ಬ್ಯಾಡ ಅಂದಾರ್ರಿ. ಹಮಾಲರದ್ದು ಹೊಸ ಕಾಯ್ದೆ ಬಂದದಲ್ಲ. ಗೇಟಿನ ಮುಂದ ಅರಿವಿ ಹೊಚ್ಚಿ, ಮಷಿನ್ ನಿಲ್ಲಿಸಿದ್ರ, ಚಾಚಾ ನಮ್ಮ ಮನುಷ್ಯಾ ಅಂತ ನಾವ ಒಪ್ಪಿಕೊಂಡಂಗ ಆಗ್ತದಂತ."

"ಮತ್ತ ಯಾರ ಮನುಷ್ಯಾ ಅಂವ?"

ಮುದಸ್ಸಿರ್ ಚೀಲವನ್ನು ಅವಳ ಕೈಗಿಟ್ಟ. ನಿನ್ನೆ ಗದ್ದೆಪ್ಪ ಭತ್ತದ ಚೀಲ ಹೊತ್ತುಕೊಂಡೇ ಕುಸಿದದ್ದು ಮಿಲ್ಲಿನ ಅಂಗಳದಲ್ಲಿ. ನೀರು ಕುಡಿಸಲು ಮೊದಲು ಓಡಿದವನು ಇದೇ ಮುದಸ್ಸಿರ್.

ಒಳಗಿಂದ ಬಂದ ಪಾರ್ವತೆಮ್ಮನ ಮಗ ಅನಿಲಕುಮಾರ, ದೇವದುರ್ಗದಲ್ಲಿ ಮಾಸ್ತರ, ಚೀಲವನ್ನು ಅವನ ಎದೆಗೆ ಒತ್ತಿ ಹಿಂದಕ್ಕೆ ಕೊಟ್ಟ. "ಕದ್ದು ಹೊಚ್ಚೋ ಅರಿವಿ ಬ್ಯಾಡ. ನಿಮ್ಮಪ್ಪಗ ಹೇಳು, ಹೆಣ ಮಿಲ್ಲಿನ ಮುಂದ ಬರ್ತದ."

ಚೀಲ ಹೊರುವ ಹಮಾಲರಲ್ಲಿ ಯಾರೇ ಸತ್ತರೂ ಚಟ್ಟವನ್ನು ಗೇಟಿನೆದುರು ಇಳಿಸಬೇಕು, ಮಷಿನ್ ನಿಲ್ಲಬೇಕು, ಮಾಲಕ ಹೊರಗೆ ಬಂದು ಹೊಸ ಅರಿವೆ ಹೊದಿಸಬೇಕು. ಮಾನ್ವಿಯ ಆ ಮಿಲ್ಲಿನಲ್ಲಿ ಇದು ದಸ್ತಗೀರ್ ಸಾಬ್‌ರ ತಂದೆಯ ಕಾಲದಿಂದ ಬಂದ ಪದ್ಧತಿ. ಪ್ರತಿ ಸಲ ಮಷಿನ್ ನಿಲ್ಲಿಸುವ ಗುಂಡಿ ಒತ್ತುತ್ತಿದ್ದವನು ಗದ್ದೆಪ್ಪನೇ. "ನನ್ನ ಪಾಳಿ ಬಂದಾಗ ಯಾರು ಒತ್ತತಾರೋ!" ಎಂದು ನಗುತ್ತಿದ್ದ.

*

ಮೂರು ತಿಂಗಳ ಹಿಂದಿನ ಒಂದು ಸಂಜೆ ಗದ್ದೆಪ್ಪ ಮೈತುಂಬ ಭತ್ತದ ಹೊಟ್ಟು ಹೊತ್ತು ಬಂದು, ಹೊಸ್ತಿಲ ಹೊರಗೆ ಬೆನ್ನು ತಿರುಗಿಸಿ ನಿಂತ. ಮೂವತ್ತೆಂಟು ವರ್ಷದ ರೂಢಿ. ಪಾರ್ವತೆಮ್ಮ ಸೆರಗಿನಿಂದ ಬೆನ್ನು ಝಾಡಿಸಿದ ಮೇಲೆಯೇ ಅವನು ಒಳಗೆ ಕಾಲಿಡುವುದು.

"ಇವತ್ತ ಒಂದ ಕಾಗದಕ್ಕ ಹೆಬ್ಬಟ್ಟು ಒತ್ತೀನಿ ನೋಡ. ನಾವು ಇನ್ನ ಸಾಬ್ರ ಹಮಾಲರಲ್ಲಂತ. ರಾಯಚೂರಿನ ಗುತ್ತೇದಾರನ ಕಡಿಯವರಂತ."

"ಮಗಗ ಓದಾಕ ಕೊಡಬಾರದಿತ್ತೇನು?"

"ಸಾಬ್ರು ಕಣ್ಣಾಗ ನೀರು ತಗದ್ರು. ಹೊಸ ಕಾಯ್ದೆ ಹೇಳಿದಂಗ ಎಲ್ಲಾರನ್ನೂ ಮಿಲ್ಲಿನ ಲೆಕ್ಕಕ್ಕ ತಗೊಂಡು ಪಿಂಚಣಿ, ಪರಿಹಾರ ಕೊಟ್ರ ಮಿಲ್ಲು ಮುಚ್ಚಬೇಕಾಗ್ತದ ಅಂದ್ರು. ಕಾಗದದಾಗ ಅಷ್ಟ, ಬಿಡು. ಚೀಲ ಅದ, ಬೆನ್ನು ಅದ."

ಹಮಾಲನಿಗೆ ಹಕ್ಕು ಕೊಡಲೆಂದು ಬಂದ ಕಾಯ್ದೆ, ಅವನಿಗಿದ್ದ ಮಾಲಕನನ್ನೇ ಕಸಿದಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಸುಳ್ಳಲ್ಲ. ಆದರೆ ಇಲ್ಲಿ ಪೂಜಾರಿಯೂ ಅಳುತ್ತಿದ್ದ. ಬೈಯಲು ಸಹ ಯಾರೂ ಸಿಗದೆ ಪಾರ್ವತೆಮ್ಮ ಅಂದು ಗಂಡನ ಬೆನ್ನನ್ನು ಸ್ವಲ್ಪ ಜೋರಾಗಿಯೇ ಝಾಡಿಸಿದ್ದಳು.

*

ಮಧ್ಯಾಹ್ನ ಗದ್ದೆಪ್ಪನ ಚಟ್ಟವನ್ನು ಗೇಟಿನೆದುರು ಇಳಿಸಿದರು. ಹಲಗೆ ವಾದ್ಯದ ಬಡಿತ ನಿಂತಿತು. ಮಷಿನ್ ನಿಲ್ಲಲಿಲ್ಲ. ಗೇಟಿನ ಸಂದಿಯಲ್ಲಿ ದಸ್ತಗೀರ್ ಸಾಬ್‌ರ ಬಿಳಿ ಜುಬ್ಬಾ ಕಂಡಿತು.

ಅನಿಲಕುಮಾರ ಫೋನ್ ಎತ್ತಿ ಹಿಡಿದ. "ಹೊರಗ ಬರಲಿ. ಒಂದ ಫೋಟೋ ಸಾಕು, ಕೋರ್ಟಿನ್ಯಾಗ ಪರಿಹಾರ ಕೇಳಾಕ."

"ಅದನ್ನ ಕೆಳಗ ಇಡಲೇ. ಅದಕ್ಕ ಹೆದರೇ ಅವರು ಬರವಲ್ರು," ಎಂದಳು ಪಾರ್ವತೆಮ್ಮ.

"ಯವ್ವಾ, ಅಪ್ಪ ಇಲ್ಲಿ ದುಡದಾನ ಅನ್ನಾಕ ಮತ್ತೇನು ಸಾಕ್ಷಿ ಅದ ನಮ್ಮ ಕಡಿ?"

ಮಗ ಹೇಳುವುದೂ ಸರಿ, ವಕೀಲ ಹೇಳಿದ್ದೂ ಸರಿ. ಇಷ್ಟು ಸರಿಗಳ ನಡುವೆ ಗದ್ದೆಪ್ಪ ಬಿಸಿಲಲ್ಲಿ ಮಲಗಿದ್ದ. ಪಾರ್ವತೆಮ್ಮ ಗೇಟಿಗೆ ಎರಡೂ ಕೈ ಹಚ್ಚಿ ಕೂಗಿದಳು.

"ಸಾಬ್ರ, ಅರಿವಿ ಬ್ಯಾಡ್ರಿ! ಒಂದ ಗಳಿಗಿ ಮಷಿನರ ನಿಲ್ಲಸ್ರಿ!"

ಜುಬ್ಬಾ ಅಲುಗಿತು. ಆಮೇಲೆ ಸಂದಿಯಿಂದ ಸರಿದುಹೋಯಿತು. ಮಷಿನ್ನಿನ ಕಡೆಗೇ ಹೋಗಿರಬೇಕೆಂದು ಎಲ್ಲರೂ ಕಿವಿಗೊಟ್ಟು ಕಾದರು. ಸದ್ದು ಹಾಗೇ ಇತ್ತು.

"ಹೊತ್ತಾತು, ಎತ್ರಿ," ಎಂದ ಹಿರಿಯ ಹಮಾಲ ಬೂದೆಪ್ಪ.

ಅಷ್ಟರಲ್ಲಿ ಮಿಲ್ಲಿನ ಗೋಡೆಯ ಮೇಲಿನ ಕೊಳವೆ ಹೊಟ್ಟು ಉಗುಳಿತು. ಹೊಟ್ಟು ಹಾರಿ ಬಂದು ಗದ್ದೆಪ್ಪನ ತಲೆ, ಹೆಗಲು, ಎದೆಯ ಮೇಲೆ ತೆಳ್ಳಗೆ ಕೂತಿತು.

"ತಡೀರಿ," ಎಂದು ಪಾರ್ವತೆಮ್ಮ ಚಟ್ಟದ ಪಕ್ಕ ಬಗ್ಗಿದಳು. ಸೆರಗು ಹಿಡಿದು ಅವನ ಹೆಗಲು ಝಾಡಿಸಿದಳು, ಎದೆ ಝಾಡಿಸಿದಳು, ಮತ್ತೆ ಹೆಗಲು. ಝಾಡಿಸಿದಷ್ಟೂ ಮೇಲಿನಿಂದ ಬೀಳುತ್ತಲೇ ಇತ್ತು.