ಗೋಂದು ಆರಿಸಿದ ನ್ಯಾಯಾಧೀಶ

ಅತ್ತೆ ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ನ್ಯಾಯಾಧೀಶನ ಪಾತ್ರದ ಹತ್ತಿರ ಬಂದ ಕೂಡಲೇ ಅವರ ಬಾಯಿಗೆ ಬೀಗ ಬಿತ್ತು.

ಅತ್ತೆ ಅಂದರೆ ಅಪ್ಪನ ಅಕ್ಕ. ಡಿಗ್ರಿ ಮುಗಿಸಿ ಮನೆಯಲ್ಲಿ ಡೈರಿ ತುಂಬಿಸುತ್ತ ಕೂತಿದ್ದ ನನ್ನನ್ನು ‘ಅದೇ ಕೈಯಲ್ಲಿ ನನ್ನದೂ ಒಂದಿಷ್ಟು ಗೀಚು ಬಾ’ ಎಂದು ಕರೆಸಿಕೊಂಡವರು. ಹತ್ತೊಂಬತ್ತನೇ ವಯಸ್ಸಿನಲ್ಲಿ ಅವರು ಒಬ್ಬ ನಿರ್ದೇಶಕರ ಆಫೀಸಿನಲ್ಲಿ ಗುಮಾಸ್ತೆಯಾಗಿದ್ದರು. ಅಲ್ಲಿ ತಯಾರಾದ ಒಂದು ಸಿನಿಮಾಕ್ಕೆ ಈಗ ಐವತ್ತು ವರ್ಷ. ಜನ ಇವತ್ತಿಗೂ ಅದನ್ನು ಹುಡುಕಿಕೊಂಡು ಹೋಗಿ ನೋಡುತ್ತಾರೆ. ಅದರ ನೆನಪಿಗೆ ಒಂದು ಪುಸ್ತಕ ಬರುತ್ತಿದೆ. ಪಾತ್ರಗಳಿಗೆ ನಟರನ್ನು ಆರಿಸಿದ್ದು ಹೇಗೆ ಅಂತ ಅತ್ತೆ ಬರೆದುಕೊಡಬೇಕು.

ಆ ಸಿನಿಮಾದ ಜೀವವೇ ನ್ಯಾಯಾಧೀಶ. ಒಡಹುಟ್ಟಿದ ತಮ್ಮನಿಗೇ ಶಿಕ್ಷೆ ಕೊಡಬೇಕಾದ ಅಣ್ಣ. ಆ ಪಾತ್ರ ಮಾಡಿದವರು ಅದಕ್ಕೂ ಮುಂಚೆ ಬರೀ ಜಾರಿ ಬೀಳುವ, ಏಟು ತಿನ್ನುವ ಹಾಸ್ಯದ ತುಣುಕುಗಳಲ್ಲಿದ್ದವರು. ಉಬ್ಬಿದ ಕೆನ್ನೆ, ಗಾಬರಿಬಿದ್ದ ಹುಬ್ಬು. ನಮ್ಮ ಮನೆಯ ಮಕ್ಕಳಿಗೆಲ್ಲ ಅವರು ಬಲೂನ್ ಮಾಮ, ಅತ್ತೆಗೆ ಅಂದಿನಿಂದಲೂ ‘ಅಣ್ಣ’. ‘ವಿದೂಷಕನೊಳಗೆ ನ್ಯಾಯಾಧೀಶನನ್ನು ಕಂಡ ಕಣ್ಣು’ ಎಂದು ನಿರ್ದೇಶಕರನ್ನು ಹೊಗಳದ ಪತ್ರಿಕೆಯಿಲ್ಲ. ಬಲೂನ್ ಮಾಮನೂ ಅದನ್ನೇ ಹೇಳುತ್ತಾರೆ, ಹೇಳುವಾಗಲೆಲ್ಲ ಕೈ ಜೋಡಿಸುತ್ತಾರೆ.

“ನಿರ್ದೇಶಕರು ಏನೂ ಕಾಣಲಿಲ್ಲ ಕಣೇ,” ಅಂದರು ಅತ್ತೆ ಕೊನೆಗೆ. “ನಾನು ಫೋಟೊ ತಪ್ಪಾಗಿ ಅಂಟಿಸಿದ್ದೆ.”

ಅರ್ಜಿ ಬಂದರೆ ಹೆಸರು, ವಿಳಾಸಗಳನ್ನು ರಟ್ಟಿನ ಮೇಲೆ ಬರೆದು, ಮೂಲೆಗೆ ಗೋಂದು ಹಚ್ಚಿ ಫೋಟೊ ಅಂಟಿಸುವುದು ಅತ್ತೆಯ ಕೆಲಸ. ನಿರ್ದೇಶಕರು ಹೆಸರು ಓದುತ್ತಿರಲಿಲ್ಲ, ಮುಖ ನೋಡಿ, ಒಪ್ಪಿಗೆಯಾದ ರಟ್ಟಿಗೆ ಗೀಟು ಹಾಕುತ್ತಿದ್ದರು. ನ್ಯಾಯಾಧೀಶನ ಪಾತ್ರಕ್ಕೆ ಗೀಟು ಬಿದ್ದದ್ದು ಕಲ್ಲಿನಂಥ ದವಡೆಯ ಒಬ್ಬರಿಗೆ. ಆದರೆ ಆ ಮುಖ ಕೂತಿದ್ದದ್ದು ಬಲೂನ್ ಮಾಮನ ವಿಳಾಸವಿದ್ದ ರಟ್ಟಿನ ಮೇಲೆ. ಅತ್ತೆ ವಿಳಾಸ ನೋಡಿ ಕಾಗದ ಹಾಕಿದರು. ಶೂಟಿಂಗಿನ ಮೊದಲ ನಾಲ್ಕು ದಿನ ನಿರ್ದೇಶಕರಿಗೆ ಜ್ವರ; ಸಹಾಯಕರು ಬಂದವರನ್ನೇ ನಿಲ್ಲಿಸಿ ಕೆಲಸ ಮುಂದುವರಿಸಿದರು. ಐದನೇ ದಿನ ನಿರ್ದೇಶಕರು ಬಂದು, ಆಗಿದ್ದಷ್ಟನ್ನು ಎರಡು ಸಲ ನೋಡಿ, ಅತ್ತೆಯನ್ನು ಕರೆದು, “ಇವನೇ ಇರಲಿ. ನೀನು ಬಾಯಿ ಬಿಡಬೇಡ” ಅಂದರಂತೆ.

“ಈಗ ಬಾಯಿ ಬಿಟ್ಟರೆ ಅಣ್ಣ ನನ್ನ ಮುಖ ನೋಡೋದಿಲ್ಲ. ನಿರ್ದೇಶಕರು ತನ್ನೊಳಗೆ ಏನೋ ಕಂಡರು ಅನ್ನೋ ಒಂದು ಮಾತಿನ ಮೇಲೇ ಆ ಮನುಷ್ಯ ಬದುಕಿದ್ದಾರೆ,” ಅಂದರು ಅತ್ತೆ. “ಬಿಡದಿದ್ದರೆ ಅಚ್ಚಲ್ಲಿ ಸುಳ್ಳು ಹಾಕಿಸಿದ ಹಾಗಾಗುತ್ತೆ. ನಿರ್ದೇಶಕರು ತೀರಿಹೋದರು. ಇನ್ನು ಇದು ಗೊತ್ತಿರೋಳು ನಾನೊಬ್ಬಳೇ.”

“ಇದ್ದದ್ದನ್ನ ಇದ್ದ ಹಾಗೇ ಬರೆದು, ಮೊದಲು ಅವರಿಗೇ ಓದಿಬಿಡೋಣ,” ಅಂದೆ. ಕೇಳಿಸಲಿಲ್ಲ ಅಂತ ಅತ್ತೆ ಎರಡು ಸಲ ಹೇಳಿಸಿದರು.

ಸಂಜೆ ಬಲೂನ್ ಮಾಮ ಬಂದರು. ಚಪ್ಪಲಿ ಬಿಡುತ್ತಲೇ, “ಏನು ತಂಗಿ, ಮನೇಲಿ ಯಾರಿಗಾದರೂ ಮೈ ಹುಷಾರಿಲ್ವಾ? ಬೈಗುಳಾನೇ ಕೇಳಿಸ್ತಿಲ್ಲ!” ಅಂದರು. ಅತ್ತೆ ಟೀ ಕೊಟ್ಟರು, ಹಾಳೆಗಳನ್ನು ನನ್ನ ಕಡೆ ತಳ್ಳಿದರು.

“ನೀನೇ ಓದು. ನನ್ನ ಗಂಟಲು ಕಟ್ಟಿದೆ.”

ನನ್ನ ಗಂಟಲು ಹುಟ್ಟಿದಾಗಿನಿಂದ ಕಟ್ಟಿಯೇ ಇದೆ. ಆದರೂ ಓದಿದೆ. ಎರಡು ಪುಟ, ತಲೆ ಎತ್ತದೆ. ನಡುವೆ ಎಲ್ಲೋ ಲೋಟದಲ್ಲಿ ಚಮಚ ತಿರುಗುವ ಸದ್ದು ನಿಂತುಹೋಯಿತು.

“ಆ ಇನ್ನೊಬ್ಬರು ಏನಾದರು?” ಅಂತ ಕೇಳಿದರು ಮಾಮ.

“ಡ್ರೈವಿಂಗ್ ಸ್ಕೂಲ್ ಇಟ್ಟರಂತೆ,” ಅತ್ತೆಯ ದನಿ ಬಾವಿಯೊಳಗಿಂದ ಬಂದ ಹಾಗಿತ್ತು.

“ಪಾಪ, ಕಲಿಯೋಕೆ ಬಂದೋರು ಆ ದವಡೆ ನೋಡಿಯೇ ಬ್ರೇಕ್ ಒತ್ತಿರ್ತಾರೆ.”

ಯಾರೂ ನಗಲಿಲ್ಲ. ಮಾಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ತಂಗಿ, ನಿರ್ದೇಶಕರು ನನ್ನೊಳಗೆ ಏನೋ ಕಂಡರು, ಅದಕ್ಕೇ ಆಯ್ತು, ನನ್ನದೇನಿದೆ ಅಂದುಕೊಂಡೇ ಐವತ್ತು ವರ್ಷ ಕಳೆದೆ. ಆಮೇಲಿನ ಪ್ರತಿ ಪಾತ್ರದಲ್ಲೂ ಆ ‘ಏನೋ’ ಎಲ್ಲಿದೆ ಅಂತ ಹುಡುಕಿ ಹುಡುಕಿ ಸುಸ್ತಾದೆ. ಈಗ ನೋಡಿದರೆ ಯಾರೂ ಏನೂ ಕಂಡಿರಲಿಲ್ಲ! ಕಾಗದ ಬಂತು, ಹೋದೆ, ಮಾಡಿದೆ. ಅಂದರೆ ಮಾಡಿದ್ದು ನಾನೇ ಅಲ್ವಾ?”

“ನೀವಲ್ಲದೆ ಇನ್ನೇನು ನನ್ನ ಗೋಂದಾ?” ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು.

ಮಾಮನ ಮುಖದ ಬಗ್ಗೆ ಡೈರಿಯಲ್ಲಿ ಎಷ್ಟೋ ಸಲ ಬರೆದುಕೊಂಡಿದ್ದ ಮಾತು ಹೇಗೋ ನನ್ನ ಬಾಯಿಗೆ ಬಂದುಬಿಟ್ಟಿತು. “ಆ ದವಡೆಯವರಾಗಿದ್ದರೆ ಮೊದಲನೇ ದೃಶ್ಯದಲ್ಲೇ ಶಿಕ್ಷೆ ಗೊತ್ತಾಗಿಬಿಡ್ತಿತ್ತು ಮಾಮ. ನಿಮ್ಮ ಮುಖ ನೋಡಿದೋರು, ಇವರು ಮನಸ್ಸು ಕರಗಿ ತಮ್ಮನನ್ನ ಬಿಟ್ಟುಬಿಡ್ತಾರೆ ಅಂತ ಕೊನೇವರೆಗೂ ಕಾಯ್ತಾರೆ. ನೀವು ಬಿಡಲ್ಲ. ಕಥೆ ಗೊತ್ತಿದ್ದೂ ನಾನು ಪ್ರತಿ ಸಲ ಕಾಯ್ತೀನಿ.”

ಮಾಮನ ಹುಬ್ಬು ಸಿನಿಮಾದಲ್ಲಿ ಏರುವ ಹಾಗೇ ಏರಿತು. “ಅಯ್ಯೋ, ಈ ಹುಡುಗಿಗೆ ಮಾತು ಬರುತ್ತೆ! ಬರಿ ಮಗಳೇ, ಇದನ್ನೂ ಸೇರಿಸು. ನಿಮ್ಮತ್ತೆ ಹೇಳಿದ್ದು ಅಂತಲೇ ಹಾಕು.”

“ನಾನೆಲ್ಲಿ ಹೇಳಿದೆ? ಒಂದು ಸುಳ್ಳು ಇಳಿಸಿ ಇನ್ನೊಂದು ಹೊರಿಸ್ತೀರಾ?”

ಆಗ ಮೂವರೂ ನಕ್ಕೆವು. ಮಾಮ ಇನ್ನೊಂದು ಲೋಟ ಟೀ ಕೇಳಿ ಕುಡಿದರು, ಎರಡು ಪುಟವನ್ನೂ ಮತ್ತೊಮ್ಮೆ ಓದಿಸಿಕೊಂಡರು, ‘ಗಾಬರಿಬಿದ್ದ ಹುಬ್ಬು’ ಅಂತ ಇದ್ದದ್ದನ್ನು ‘ಸುಂದರವಾದ ಹುಬ್ಬು’ ಮಾಡಿಸಲು ನೋಡಿ ಸೋತರು.

ಹೊರಟಾಗ ಅತ್ತೆ ಬಾಗಿಲವರೆಗೂ ಹೋದರು. “ಅಣ್ಣ, ನಿಜ ಹೇಳಿ, ಕೋಪ ಇಲ್ವಾ?”

“ಇದೆ, ಬೇಕಾದಷ್ಟಿದೆ. ಐವತ್ತು ವರ್ಷ ಬಚ್ಚಿಟ್ಟೆಯಲ್ಲ! ಇವತ್ತು ಸಂತೋಷ ಜಾಸ್ತಿಯಾಗಿ ಬೈಯೋಕೆ ಆಗ್ತಿಲ್ಲ. ನಾಳೆ ಬೆಳಿಗ್ಗೆ ಬಂದು ಬೈತೀನಿ, ತಿಂಡಿ ಮಾಡಿಟ್ಟಿರು.”

“ಎಂಟಕ್ಕೇ ಬನ್ನಿ,” ಅಂದರು ಅತ್ತೆ. “ತಡ ಮಾಡಿದರೆ ತಿಂಡಿ, ಕೋಪ ಎರಡೂ ಆರಿಹೋಗುತ್ತೆ.”